ಆರಗದ ಮೆಲುಕು, ಡಿಗ್ರಜದ ಟಗರು

ಆರಗದ ಕುರಿ ಮತ್ತು ಕಸಬೆ ಡಿಗ್ರಜದ ಕುರಿಯ ಹಿಕ್ಕೆಯಿಂದ ನಾವು ಬೆಳೆಸಿದ ಎರಡು ಶಿಲೀಂಧ್ರಗಳ ಜೀನು ಒಂದಕ್ಷರವೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡ ದಿನ ನಮ್ಮ ಗೈಡ್ ಸರ್ ಖುಷಿಪಡಲಿಲ್ಲ. ಕಂಪ್ಯೂಟರಿನ ಪರದೆ ನೋಡಿದರು, ಆಮೇಲೆ ನನ್ನ ಗೆಳತಿಯ ಮುಖ ನೋಡಿದರು. ಬಾಟಲಿ ಅದಲುಬದಲಾಗಿದೆ ಎಂದು ಮರಾಠಿಯಲ್ಲಿ ಹೇಳಿ ಚಹಾ ಕುಡಿಯಲು ಹೋದರು.

ಸಾಂಗ್ಲಿಯ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟು ನಮ್ಮಿಬ್ಬರದು. ಆರಗದ ಮಾದರಿ ನಾನು ತಂದದ್ದು, ನನ್ನ ಕಾಕಾನ ಹಿಂಡಿನಿಂದ; ಡಿಗ್ರಜದ್ದು ಅವಳು ತಂದದ್ದು. ಆದರೆ ಎರಡೂ ಬಾಟಲಿಗಳಿಂದ ಡಿಎನ್‌ಎ ತೆಗೆದ ಕೈ ಅವಳದು. ಪುಣೆಯಲ್ಲಿ ಅವಳಿಗೆ ಸಂಶೋಧನೆಯ ಸೀಟು ಸಿಕ್ಕಿತ್ತು, ಈ ಪ್ರಾಜೆಕ್ಟು ಪಾಸಾದರೆ ಎಂಬ ಷರತ್ತಿನ ಮೇಲೆ. ಸರ್ ಸಹಿ ಹಾಕದಿದ್ದರೆ ಸೀಟು ಹೋದಂತೆಯೇ. ನನಗೆ ಅಂಥದ್ದೇನೂ ಕಾದಿರಲಿಲ್ಲ, ಹಾಗಾಗಿ ಸಂಶಯಪಡುವುದು ನನಗೆ ಪುಕ್ಕಟೆಯಾಗಿತ್ತು.

ಅದು ಹಳೆಯ ಅಭ್ಯಾಸವೂ ಹೌದು. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿ ಮಾತಾಡು ಎಂದರೂ ನಾನು ವಿರೋಧದ ಅಂಶಗಳನ್ನೇ ಮೊದಲು ಹುಡುಕುತ್ತಿದ್ದೆ. ಈ ಪ್ರಾಜೆಕ್ಟಿನಲ್ಲೂ ಮೊದಲ ತಕರಾರು ನನ್ನದೇ. ಕುರಿಯ ಹೊಟ್ಟೆಯಲ್ಲಿ, ಗಾಳಿ ಸೋಕಿದರೆ ಸಾಯುವ ಒಂದು ಬಗೆಯ ಶಿಲೀಂಧ್ರವಿದೆ. ಜೋಳದ ಒಣದಂಟಿನ, ಅಂದರೆ ಕಣಕಿಯ, ನಾರನ್ನು ಕತ್ತರಿಸುವ ಕಿಣ್ವಗಳು ಅದರ ಬಳಿ ಇವೆ. ಅಂಥ ಒಂದು ಕಿಣ್ವದ ಜೀನಿಗೆ ಹತ್ತಿರದ ನೆಂಟರು ಯಾರೆಂದು ಹುಡುಕಿದರೆ ಸಿಕ್ಕಿದ್ದು ಬೇರೆ ಶಿಲೀಂಧ್ರಗಳಲ್ಲ, ಬ್ಯಾಕ್ಟೀರಿಯಾಗಳು. ಎರಡೂ ಒಂದೇ ಹೊಟ್ಟೆಯಲ್ಲಿ ಯುಗಯುಗಾಂತರ ಒತ್ತೊತ್ತಾಗಿ ಬದುಕಿದಂಥವು, ಯಾವಾಗಲೋ ಶಿಲೀಂಧ್ರ ಬ್ಯಾಕ್ಟೀರಿಯಾದ ಜೀನನ್ನೇ ಎತ್ತಿಕೊಂಡು ತನ್ನ ಪೀಳಿಗೆಗೆ ದಾಟಿಸಿದೆ ಎಂದರು ಸರ್. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಉಳಿದುಕೊಂಡಿದೆ, ಅಷ್ಟೇ ಎಂದೆ ನಾನು.

"ಆ್ಯಂಟಿಬಯೋಟಿಕ್ ಹಾಕೇವಲ್ಲೋ," ಎಂದಳು ಗೆಳತಿ. ಮಾಲಗಾಂವದ ದ್ರಾಕ್ಷಿ ತೋಟದ ಮನೆಯವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತು ಮಾತ್ರ ಮರಾಠಿಗೆ ಜಾರುತ್ತದೆ.

"ಅದಕ್ಕ ಸಾಯಲಾರದ್ದೂ ಇರ್ತಾವ."

"ನಿನ್ನ ಬಾಯಾಗಿನ ಅರ್ಧಾ ಶಬ್ದ ಮರಾಠಿ ಅದಾವ. ಹಂಗಂದ್ರ ನೀನೂ ಕಂಟ್ಯಾಮಿನೇಶನ್ ಏನು?"

ಏಟು ಚೆನ್ನಾಗಿತ್ತು. ಒಪ್ಪಿದ್ದು ಮಾತ್ರ ಆ ಜೀನಿನ ನೆರೆಹೊರೆ ನೋಡಿದ ಮೇಲೆ. ಅದರ ಎಡಬಲವನ್ನೂ ಸೇರಿಸಿ ಒಂದೇ ಉದ್ದನೆಯ ತುಂಡಾಗಿ ಕಂಪನಿಯೊಂದಕ್ಕೆ ಕಳಿಸಿ ಓದಿಸಿದೆವು. ಎರಡೂ ಬದಿಗೆ ಇದ್ದದ್ದು ಅಪ್ಪಟ ಶಿಲೀಂಧ್ರದ ಜೀನುಗಳು. ಬಾಟಲಿಗೆ ನುಸುಳಿದ ಬ್ಯಾಕ್ಟೀರಿಯಾದ್ದಾಗಿದ್ದರೆ ಪಕ್ಕದಲ್ಲೂ ಬ್ಯಾಕ್ಟೀರಿಯಾದ ಜೀನೇ ಇರಬೇಕಿತ್ತು. ಹಾಗಾಗಿ ಎರವಲು ನಿಜ.

ಆದರೆ ಎರಡೂರಿನದು ಪೂರ್ತಿ ಒಂದೇ ಎನ್ನುವುದು ಬೇರೆ ಮಾತು. ಪೀಳಿಗೆ ಸರಿದಂತೆ ಜೀನಿನ ಅಕ್ಷರಗಳು ಅಲ್ಲಲ್ಲಿ ಬದಲಾಗುತ್ತವೆ. ಕಿಣ್ವದ ಕೆಲಸಕ್ಕೆ ಧಕ್ಕೆ ತರದ ಬದಲಾವಣೆಗಳು ಹಾಗೇ ಉಳಿದು ಸೇರುತ್ತ ಹೋಗುತ್ತವೆ. ಸಂಬಂಧವಿಲ್ಲದ ಹಿಂಡುಗಳಲ್ಲಿ ಬೇರೆಬೇರೆಯಾಗಿ ಬೆಳೆದದ್ದಾದರೆ ಎಲ್ಲೋ ಒಂದು ಕಡೆ ಅಕ್ಷರ ತಪ್ಪಲೇಬೇಕು. ಸಂಬಂಧವಿಲ್ಲ ಎಂದು ಕಾಕಾನೇ ನನಗೆ ಹೇಳಿದ್ದರು: "ಡಿಗ್ರಜದವರ ಮಾರಿ ಸುದ್ದಾ ನೋಡಿಲ್ಲಪಾ."

"ನಾನೇ ಮಿಕ್ಸ್ ಮಾಡೇನಿ ಅಂತ ನಿನಗೂ ಅನಸ್ತದೇನು?" ಸರ್ ಹೋದ ಮೇಲೆ ಅವಳು ಕೇಳಿದಳು.

"ಅನಸ್ತದ. ನಾನು ಮಾಡೇನಿ ಅಂತನೂ ಅನಸ್ತದ. ಓದಿಸಿಕೊಟ್ಟ ಕಂಪನಿಯವರು ಮಾಡ್ಯಾರ ಅಂತನೂ ಅನಸ್ತದ."

"ಬಾಳ ಉಪಕಾರ ಆತು."

ಕೈ ಬದಲಿಸಿ ನೋಡೋಣ ಎಂದೆ. ಈ ಸಲ ಆರಗದ್ದು ಅವಳು, ಡಿಗ್ರಜದ್ದು ನಾನು. ತಂದವರೇ ಕೊನೆಯವರೆಗೂ ಮಾಡಬೇಕು, ಒಬ್ಬರ ಬಾಟಲಿ ಇನ್ನೊಬ್ಬರು ಮುಟ್ಟಬಾರದು. ಜೊತೆಗೆ ಮಾಲಗಾಂವದಲ್ಲಿ ಅವಳ ತೋಟದಾಚೆ ಮೇಯುವ ಹಿಂಡಿನದೂ ಒಂದು. ಪರೀಕ್ಷೆಯೊಳಗೆ ಉತ್ತರ ಬಂದರೆ ನೋಡೋಣ ಎಂದರು ಸರ್.

ಆರಗಕ್ಕೆ ಇಬ್ಬರೂ ಹೋದೆವು, ಅವಳು ತೆಗೆದುಕೊಳ್ಳುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಮಿರಜದಿಂದ ಬಸ್ಸಿನಲ್ಲಿ, ಮಡಿಲಲ್ಲಿ ಹಿಕ್ಕೆಯನ್ನು ಬೆಚ್ಚಗಿಟ್ಟು ತರಲೆಂದು ಥರ್ಮಾಸು. ಪಕ್ಕದ ಅಜ್ಜಿಗೆ ಅದು ಚಹಾ ಎಂದೇ ನಂಬಿಕೆ, ನಾವು ತಿದ್ದಲಿಲ್ಲ.

ಕಾಕಾ ದೊಡ್ಡಿಯಲ್ಲಿ ಒಂದು ಟಗರನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು. ಅದರ ಗಂಟಲಿಗೆ ಮೆಲುಕು ಏರಿದ ಕ್ಷಣವೇ ಬಾಯಿಗೆ ಬೆರಳು ಹಾಕಿ ಹಸಿರು ಮುದ್ದೆಯನ್ನು ಎಳೆದರು. ಪಕ್ಕದಲ್ಲಿ ಹೊಟ್ಟೆ ಉಬ್ಬಿ ಮಲಗಿದ್ದ ಕುರಿಯ ಬಾಯಿಗೆ ತುರುಕಿ, ಅದು ನುಂಗುವವರೆಗೆ ದವಡೆ ಒತ್ತಿ ಹಿಡಿದರು.

"ಕಾಕಾ, ಇದರ ಎಂಜಲಾ ಅದಕ್ಕ ಹಾಕಿದ್ರ ರೋಗ ಹತ್ತೂದಿಲ್ಲೇನ್ರಿ?"

"ಬಂದ್ರಪಾ ವಕೀಲಸಾಹೇಬ್ರು! ಗೋವಿನಜೋಳದ ಚೀಲಕ್ಕ ಬಾಯಿ ಹಾಕಿ ಮೆಲಕ ಬಿಟ್ಟೈತಿ ಇದು. ಆರಾಮ ಇರೂದರ ಮೆಲಕ ಹೊಟ್ಟಿಗಿ ಹೋತಂದ್ರ ಮತ್ತ ಮೇಯಾಕ ಹತ್ತತೈತಿ."

"ತಾನಾಗೇ ಎದ್ದು ಮೇದ್ರೂ ನೀವು ಮೆಲಕಿನಿಂದ ಅಂತೀರಿ."

"ಏಳದಿದ್ರ ನಿನ್ನಿಂದ ಅಂತೀನಿ. ಬಾಯಿ ಮುಚ್ಚಿ ಅದರ ಕಾಲ ಹಿಡಿ."

ಕಾಲು ಹಿಡಿದೆ. ತಲೆಯೆತ್ತಿದರೆ ಗೆಳತಿ ಥರ್ಮಾಸಿನ ಮುಚ್ಚಳ ಅರ್ಧ ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು. ಒಂದು ಕುರಿಯ ಹೊಟ್ಟೆಯೊಳಗಿನದೆಲ್ಲ, ಬ್ಯಾಕ್ಟೀರಿಯಾ, ಶಿಲೀಂಧ್ರ ಸಮೇತ, ನಮ್ಮೆದುರೇ ಇನ್ನೊಂದರ ಹೊಟ್ಟೆಗೆ ದಾಟಿತ್ತು.

"ಕಾಕಾ, ಹಿಂಗ ಡಿಗ್ರಜದ ಹಿಂಡಿಗೂ ಕೊಟ್ಟಿದ್ರೇನ್ರಿ?" ಅವಳು ಕೇಳಿದಳು.

"ಇಲ್ಲ ಬಿಡವಾ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಮುಚ್ಚಿಡಲು ಏನೂ ಇಲ್ಲದವನು ಮೊದಲು ಯಾಕೆ ಎಂದು ಕೇಳುತ್ತಾನೆ. ನಾನು ಇಲ್ಲದ ಸುದ್ದಿಯೊಂದನ್ನು ಕಟ್ಟಿ ಮಾತು ತಿರುಗಿಸಿದೆ.

"ಅಲ್ಲಿ ಒಂದು ಟಗರು ಬಾಳ ಸೊರಗೈತಂತ್ರಿ ಕಾಕಾ. ಇಂದೋ ನಾಳೆನೋ ಅನ್ನಾಕತ್ತಾರ."

"ಯಾವುದು, ಕಿವಿ ಹರದದ್ದೇನು? ಅದು ಅವತ್ತ ಎದ್ದು ನಿಂತು—" ಕಾಕಾ ಅಲ್ಲಿಗೇ ನಿಲ್ಲಿಸಿದರು.

"ಡಿಗ್ರಜದವರ ಮಾರಿ ನೋಡಿಲ್ಲ ಅಂದಿದ್ರಿ. ಟಗರಿನ ಕಿವಿ ಹೆಂಗ ನೋಡಿದ್ರಿ?"

ಅವರು ಉತ್ತರಿಸುವ ಮೊದಲು ಅವರ ಹೆಂಡತಿ, ನಮ್ಮ ಕಾಕು, ಮನೆಯ ಬಾಗಿಲಿಗೆ ಬಂದಾಗಿತ್ತು. "ಕೊಟ್ಟೀರಿ? ಮೆಲಕ ಕೊಟ್ಟ ಹಿಂಡಿನ ಬರಕತ್ತ ಹೋಗತೈತಿ ಅಂತ ಬಡಕೊಂಡಿದ್ನಿಲ್ಲೋ?"

"ಮಂದಿ ಬಂದಾಗ ಕೂಗಬ್ಯಾಡ. ಡಿಗ್ರಜದಾಂವ ಸಂತ್ಯಾಗ ಸಿಕ್ಕು ಕೈ ಮುಗದಾ. ಟೆಂಪೋದಾಗ ಇದೇ ಟಗರು ಒಯ್ದು ಕೊಟ್ಟು ಬಂದೆ, ದೀಪಾವಳಿ ಮುಂದ."

"ದೀಪಾವಳಿ ಮುಂದ ಮೊಣಕಾಲಬ್ಯಾನಿ ಅಂತ ಮಿರಜ ದವಾಖಾನಿಗಿ ಹೋಗಿದ್ರಿ!"

"ಅದೂ ಇತ್ತು," ಎಂದರು ಕಾಕಾ, ಟಗರಿನ ಕೊಂಬು ಸವರುತ್ತ.

ನಾವು ಮೊದಲ ಮಾದರಿ ತಂದದ್ದು ದೀಪಾವಳಿ ಕಳೆದ ಮೇಲೆ. ಗೆಳತಿ ನನ್ನ ಕಡೆ ತಿರುಗಿದಳು. "ನಾ ಮಿಕ್ಸ್ ಮಾಡಿಲ್ಲ. ನಿಮ್ಮ ಕಾಕಾ ಮಾಡ್ಯಾರ."

"ಇನ್ನೂ ಸಾಬೀತ ಆಗಿಲ್ಲ," ಎಂದೆ. ಥರ್ಮಾಸಿನ ಮುಚ್ಚಳ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು.

ಕೈ ಬದಲಿಸಿದರೂ ಆರಗ ಮತ್ತು ಡಿಗ್ರಜದ್ದು ಮತ್ತೆ ಒಂದೇ ಬಂತು. ಮಾಲಗಾಂವದ್ದರಲ್ಲಿ ಅದೇ ಎರವಲು ಜೀನು, ಅದೇ ನೆರೆಹೊರೆ, ಆದರೆ ಅಕ್ಷರಗಳು ಅಲ್ಲಲ್ಲಿ ಬೇರೆ. ದೂರವಾದ ಪೀಳಿಗೆ ಹೇಗಿರಬೇಕೋ ಹಾಗೆ. ಸರ್ ಎರಡೆರಡು ಸಲ ಓದಿದರು. ಬಾಟಲಿಯ ಮಾತು ಮತ್ತೆ ಎತ್ತಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ವರದಿಯಲ್ಲಿ ಮೆಲುಕಿನ ಕತೆ ಬೇಡ, ಹೊರಗಿನ ಪರೀಕ್ಷಕರು ನಗುತ್ತಾರೆ ಎಂದರು. ಆ ಕಾಳಜಿಯ ಮೇಲೂ ನನಗೆ ಗುಮಾನಿ: ನಗುವುದು ಯಾರನ್ನು ನೋಡಿ? ಗೆಳತಿ ಇದ್ದದ್ದನ್ನು ಇದ್ದಂತೆ ಬರೆದಳು. ಅದರಿಂದ ಎರಡು ಹಿಂಡು ಒಂದಾಗಿ ಎಣಿಕೆಗೆ ಬಂತು, ವರದಿ ತೆಳ್ಳಗಾಯಿತು.

ಪರೀಕ್ಷಕರು ನಗಲಿಲ್ಲ. ಕುರಿ ಕಾಯುವವರ ಬಾಯಿಮಾತು ಪುರಾವೆಯಾಗುತ್ತದೆಯೇ ಎಂದು ಕೇಳಿದರು. ಅವಳ ಜಾಗದಲ್ಲಿ ನಾನಿದ್ದರೆ ಕಾಕಾನ ಪರ ವಾದಕ್ಕೆ ನಿಲ್ಲುತ್ತಿದ್ದೆನೇನೋ. ಅವಳು, "ಇಲ್ಲ ಸರ್, ಅದಕ್ಕೇ ಮಾಲಗಾಂವದ್ದೂ ತಂದೆವು," ಎಂದಳು. ಸಹಿ ಬಿತ್ತು.

ಅವಳು ಪುಣೆಗೆ ಹೋದ ಮೇಲೆ, ಅವಳ ಮನೆಗೆ ಪುಸ್ತಕ ಕೊಡಲು ಮಾಲಗಾಂವಕ್ಕೆ ಹೋಗಿದ್ದೆ. ತೋಟದಾಚೆ ಅದೇ ಹಿಂಡು ಮೇಯುತ್ತಿತ್ತು, ಕುರಿ ಕಾಯುವವರು ಬದುವಿನ ಮೇಲೆ ಕೂತಿದ್ದರು. ಆವತ್ತು ನಾವು ಕೇಳದೇ ಬಿಟ್ಟ ಪ್ರಶ್ನೆಯೊಂದಿತ್ತು.

"ಮಾಮಾ, ನೀವು ಯಾರ ಹಿಂಡಿನಿಂದರೆ ಮೆಲಕ ತಗೊಂಡಿದ್ರೇ—"

"ಇಲ್ಲ ಬಿಡಪಾ."

ನಾನು ಅವರ ಹೆಂಡತಿ ಎಲ್ಲಿದ್ದಾರೆಂದು ಸುತ್ತ ಕಣ್ಣಾಡಿಸಿದೆ.