ವರನಿಲ್ಲದ ಹಂದರ

ಉಂಡ ಮನೆಯ ಜಂತಿ ಎಣಿಸಿದವನು ಎಂದು ಕಲಬುರ್ಗಿಯ ಪಲ್ಟನ್ನಿನಲ್ಲಿ ಜಮಾದಾರ ಚಂದ್ರಶಾನನ್ನು ಬಯ್ದವರುಂಟು. ಬಯ್ಯಲಿ ಬಿಡಿ. ಬಯ್ದವರಲ್ಲಿ ಒಬ್ಬನಾದರೂ ಹೆತ್ತ ತಾಯಿಯ ಕಾಗದವನ್ನು ಓದಲಾಗದೆ ಹನ್ನೆರಡು ವರ್ಷ ಜೇಬಿನಲ್ಲಿ ಹೊತ್ತು ತಿರುಗಿದ್ದನೇ?

ಚಂದ್ರಶಾ ತಾಜಸುಲ್ತಾನಪುರದವನು. ನಿಜಾಮರ ಪಲ್ಟನ್ ಸೇರಿ ದೊಡ್ಡ ಯುದ್ಧಕ್ಕೆಂದು ಈಜಿಪ್ತಿನ ಮರಳಿಗೆ ಹೋದ. ಮರಳಿನಲ್ಲಿ ಮೂಡಿದ ಗೊರಸು ನೋಡಿ ವೈರಿಗಳು ಎಷ್ಟು ಮಂದಿ, ಯಾವಾಗ ಹೋದರು ಎಂದು ಹೇಳಿಬಿಡುತ್ತಿದ್ದ. ಉರ್ದು ಬರೆಯಲು ಕಲಿತ, ಕನ್ನಡದ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಊರಿನಿಂದ ತಾಯಿ ಯಾರ ಕೈಲೋ ಬರೆಸಿದ ಕನ್ನಡ ಕಾಗದ ಬಂತು, ಓದಿ ಹೇಳುವವರು ಅಲ್ಲಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ತಾಯಿ ಮಣ್ಣು ಸೇರಿದ್ದಳು. ಆಮೇಲೆ ಅವಳ ಮಾತನ್ನು ಪರರ ಬಾಯಿಂದ ಕೇಳಲು ಅವನಿಗೆ ಮನಸ್ಸಾಗಲಿಲ್ಲ.

ಪಲ್ಟನ್ನಿನವರು ಅವನನ್ನು ಖುಫಿಯಾ ಕೆಲಸಕ್ಕೆ, ಗುಟ್ಟಾಗಿ ಸುದ್ದಿ ತರುವುದಕ್ಕೆ, ಹಾಕಿದರು. ಕಮಲಾಪುರದಲ್ಲಿ ಅಂಬಮ್ಮ ಎಂಬ ವಿಧವೆಯ ಪಡಸಾಲೆಯಲ್ಲಿ ದತ್ತಪ್ಪ ಮಾಸ್ತರರು ಅಪ್ಪಣೆಯಿಲ್ಲದೆ ಕನ್ನಡ ಶಾಲೆ ನಡೆಸುತ್ತಾರೆ, ಪತ್ತೆ ಮಾಡು ಎಂದು ಅವನ ಮೇಲಧಿಕಾರಿ ಮಕ್ಸೂದ್ ಸಾಹೇಬ ಕಳಿಸಿದ. ಚಂದ್ರಶಾ ಬಾಳೆಹಣ್ಣಿನ ವ್ಯಾಪಾರಿಯ ವೇಷದಲ್ಲಿ ಹೋಗಿ ಮಕ್ಕಳ ಹಿಂದೆ ಕೂತ. ಸುದ್ದಿ ಕದಿಯಲು ಹೋದವನು ಮೂರೇ ತಿಂಗಳಲ್ಲಿ ತಾಯಿಯ ಕಾಗದ ಓದಿದ. ‘ಮಗಾ, ಹೊಟ್ಟಿ ತುಂಬ ಉಣ್ಣು, ಲಗೂನ ಬಾ.’ ಅಷ್ಟೇ ಇತ್ತು. ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಅಂದೇ ತಾನು ಯಾರೆಂದು ಮಾಸ್ತರರಿಗೂ ಅಂಬಮ್ಮಳಿಗೂ ಹೇಳಿಬಿಟ್ಟ.

ಅಲ್ಲಿಂದ ಮುಂದೆ ಎರಡು ಕಡೆಯ ಚಾಕರಿ. ಸಾಹೇಬನಿಗೆ ‘ಅಲ್ಲಿ ಬರೀ ಭಜನೆ’ ಎಂಬ ವರದಿ, ಮಾಸ್ತರರಿಗೆ ತಪಾಸಣೆಯ ದಿನದ ಸುಳಿವು. ಎರಡು ವರ್ಷ ಹೀಗೇ ನಡೆಯಿತು.

ಆಗ ಮಾಸ್ತರರು ಸರ್ಕಾರಿ ಕನ್ನಡ ಶಾಲೆಯೇ ಬೇಕೆಂದು ಸುತ್ತಲಿನ ಹಳ್ಳಿಯವರಿಂದ ಅರ್ಜಿ ಮಾಡಿಸಲು ಹೊರಟರು. ಅಪ್ಪಣೆಯಿಲ್ಲದೆ ಸಭೆ ಸೇರಿದರೆ ಜೈಲು. ಮದುವೆಗೆ ಅಪ್ಪಣೆ ಬೇಕಿರಲಿಲ್ಲ. ಸರಿ, ಮದುವೆಯ ಹೆಸರಿನಲ್ಲೇ ಸೇರೋಣ ಎಂದರು. ಚಂದ್ರಶಾನೂ ಮದುವೆ ಎಂದೇ ವರದಿ ಬರೆದ. ಅಂಬಮ್ಮಳ ಅಂಗಳದಲ್ಲಿ ಹಂದರ ಎದ್ದಿತು, ಹಲಗೆ ಬಾರಿಸುವವರು ಬಂದರು, ಎರಡು ಕೊಪ್ಪರಿಗೆ ಹುಗ್ಗಿ ಬೆಂದಿತು. ಇನ್ನೂರು ಮಂದಿ ಸೇರಿದರು. ನಮ್ಮ ಜನದ ಶಾಣ್ಯಾತನ ನೋಡಿ, ಹುಗ್ಗಿಗೆ ಏಲಕ್ಕಿ ಹಾಕುವುದನ್ನು ಮರೆಯಲಿಲ್ಲ, ಮದುಮಕ್ಕಳನ್ನು ಮರೆತರು!

ನಡುಮಧ್ಯಾಹ್ನ ಮಕ್ಸೂದ್ ಸಾಹೇಬನೇ ಹತ್ತು ಜವಾನರೊಡನೆ ಬಂದಿಳಿದ. ಜೊತೆಯಲ್ಲಿ ಚಂದ್ರಶಾ. ಹೊರಡುವ ಗಳಿಗೆಯವರೆಗೂ ಸಾಹೇಬ ಬಾಯಿ ಬಿಟ್ಟಿರಲಿಲ್ಲವಾದ್ದರಿಂದ ಸುಳಿವು ಕೊಡಲಾಗಿರಲಿಲ್ಲ. ಮದುಮಗ ಎಲ್ಲಿ ಎಂದು ಸಾಹೇಬ ಕೇಳಿದ. ಹಲಗೆ ನಿಂತಿತು. ಉತ್ತರ ಹೊರಡದಿದ್ದರೆ ಇನ್ನೂರು ಮಂದಿಯೂ ಜೈಲಿಗೆ. ತಾನೂ ಮೋಸಹೋದೆ ಎಂದು ಚಂದ್ರಶಾ ಹೇಳಿದ್ದರೆ ಪಾರಾಗುತ್ತಿದ್ದ. ಅವನು ಸರ್ಕಾರಿ ಪೇಟ ತೆಗೆದು ಜವಾನನ ಕೈಗಿತ್ತು, ಹೋಗಿ ಹಂದರದಲ್ಲಿ ಹಾಸಿದ್ದ ಕಂಬಳಿಯ ಮೇಲೆ ಕೂತ.

“ಮದುಮಗ ನಾನೇ ಅದೀನ್ರಿ, ಸಾಹೇಬ್ರ.”

ಅಂಬಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಅರಿಶಿಣ ಬಳಿದುಕೊಂಡು ಪಕ್ಕದಲ್ಲಿ ಕೂತಳು. ವಿಧವೆಯ ಉಡಿಕಿಯನ್ನು, ಅಂದರೆ ಮರುಮದುವೆಯನ್ನು, ಹಾಡುಹಗಲೇ ಹಲಗೆ ಬಾರಿಸಿ ಮಾಡುವ ಪದ್ಧತಿಯಿಲ್ಲ ಎಂದು ಊರ ಹಿರಿಯ ಕಲ್ಯಾಣಪ್ಪ ಗೌಡರು ಅವಳ ಕಿವಿಯಲ್ಲಿ ಗೊಣಗಿದರು.

“ಗೌಡ್ರ, ಊರಿಗೂರೇ ಜೇಲಿಗಿ ಹೋಗೂ ಪದ್ಧತಿ ಅದ ಏನ್ರೀ?” ಎಂದಳು ಅವಳೂ ಮೆಲ್ಲಗೆ.

ಗೌಡರು ತೆಪ್ಪಗೆ ಅಕ್ಷತೆ ಹಿಡಿದರು. ಮಾಸ್ತರರು ಅರಿಶಿಣದ ಕೊಂಬನ್ನು ದಾರಕ್ಕೆ ಕಟ್ಟಿ ಕೊಟ್ಟರು, ಚಂದ್ರಶಾ ಅದನ್ನೇ ತಾಳಿಯೆಂದು ಅವಳ ಕೊರಳಿಗೆ ಕಟ್ಟಿದ. ಸಾಹೇಬ ದಡ್ಡನಲ್ಲ. ಆದರೆ ಅಷ್ಟು ಜನರೆದುರು ತಾಳಿ ಬಿದ್ದ ಮೇಲೆ ಅದನ್ನು ಸಭೆ ಎಂದು ಬರೆಯುವುದು ಹೇಗೆ? ಊರವರನ್ನು ಬಿಟ್ಟು ಮದುಮಗನನ್ನು ಮಾತ್ರ ಕಟ್ಟಿಕೊಂಡು ನಡೆದ.

ಕಲಬುರ್ಗಿಯಲ್ಲಿ, ಈ ಮದುವೆಯ ಆಟ ಕಲಿಸಿದವರ ಹೆಸರು ಹೇಳು, ನೌಕರಿ ಉಳಿಸುತ್ತೇನೆ ಎಂದು ಸಾಹೇಬ ನಯವಾಗಿ ಕೇಳಿದ. ಯಾರೂ ಕಲಿಸಿಲ್ಲ, ನನ್ನ ಖುಷಿಗೆ ಹಸೆಗೆ ಕೂತೆ ಎಂದ ಚಂದ್ರಶಾ. ಎಷ್ಟು ಸಲ ಕೇಳಿದರೂ ಅದೇ ಮಾತು. ನೌಕರಿ ಹೋಯಿತು, ತನ್ನದೇ ಮದುವೆಯೆಂಬುದನ್ನು ಮುಚ್ಚಿಟ್ಟ ಸುಳ್ಳು ವರದಿಗೆ ಎರಡು ವರ್ಷ ಜೈಲಾಯಿತು.

ಬಿಟ್ಟ ದಿನ ಕಮಲಾಪುರಕ್ಕೆ ಹೋಗಿ ಅಂಬಮ್ಮಳ ಹೊಸ್ತಿಲ ಹೊರಗೇ ನಿಂತ. ಗುಂಡಿಗೆ ಅಂಜದವನು ಅಲ್ಲಿ ಅಂಜಿದ. ಅಂದಿನದು ಮಂದಿಯನ್ನು ಉಳಿಸಲು ಆಡಿದ ಸುಳ್ಳು, ಅದಕ್ಕೆ ನೀನು ಕಟ್ಟುಬೀಳಬೇಕಿಲ್ಲ ಎಂದು ತಡವರಿಸಿ ಹೇಳಿದ.

“ಸುಳ್ಳು ವರದಿ ಬರದವ್ರು ನೀವು,” ಎಂದಳು ಅಂಬಮ್ಮ. “ಇನ್ನೂರು ಮಂದಿ ಮುಂದ ಅರಿಶಿಣ ಹಚ್ಕೊಂಡಾಕಿ ನಾನು. ನಂದು ಸುಳ್ಳಲ್ಲ. ಒಳಗ ಬರ್ರಿ.”