ಎಫ್ ಇಲ್ಲದ ಹಾಡುಗಳು

ನನಗೆ ಇವತ್ತಿಗೂ ಗಿಟಾರಿನಲ್ಲಿ ಎಫ್ ಹಿಡಿಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಗಿಟಾರಿನ ವಿಚಾರ ಬರೆಯುತ್ತಿದ್ದಾನಲ್ಲ, ದೊಡ್ಡ ವಾದಕನೇ ಇರಬೇಕು ಎಂದು ನೀವು ತಪ್ಪು ತಿಳಿದೀರಿ. ಗಿಟಾರು ಮುಟ್ಟದವರಿಗಾಗಿ ಎರಡು ಮಾತು. ಮೂರು ನಾಲ್ಕು ಸ್ವರಗಳು ಒಟ್ಟಿಗೆ ನುಡಿಯುವ ಹಾಗೆ ಎಡಗೈ ಬೆರಳುಗಳಿಂದ ತಂತಿಗಳನ್ನು ಒತ್ತಿ ಹಿಡಿಯುವುದಕ್ಕೆ ಕಾರ್ಡ್ ಎನ್ನುತ್ತಾರೆ. ಜಿ, ಸಿ, ಡಿ ಎಂಬ ಕಾರ್ಡುಗಳು ಸಾಧುಗಳು, ಯಾರು ಹಿಡಿದರೂ ಸಿಕ್ಕುತ್ತವೆ. ಎಫ್ ಹಾಗಲ್ಲ. ಅದಕ್ಕೆ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಂದೇ ಸಲಕ್ಕೆ ಅದುಮಬೇಕು. ಅದೇ ಹೊತ್ತಿಗೆ ಉಳಿದ ಬೆರಳುಗಳು ಬೇರೆ ಕಡೆ ಬೇರೆ ಕೆಲಸ ಮಾಡುತ್ತಿರಬೇಕು. ನನ್ನ ತೋರುಬೆರಳು ಅಷ್ಟು ದೊಡ್ಡ ಜವಾಬ್ದಾರಿ ಹೊರಲು ಹುಟ್ಟಿದ್ದಲ್ಲ. ಅದು ಇತರರ ತಪ್ಪು ತೋರಿಸುವುದರಲ್ಲೇ ಪಳಗಿದ ಬೆರಳು.

ಆ ಗಿಟಾರು ನನ್ನ ಕೈಗೆ ಬಂದದ್ದು ಎಂಬತ್ತರ ದಶಕ ಆಗತಾನೆ ಶುರುವಾಗಿದ್ದಾಗ. ಅರಳಗುಪ್ಪೆ ಕಡೆಯ ನಮ್ಮ ಹಳ್ಳಿಯಿಂದ ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ರೈಲ್ವೆ ನೌಕರರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ಅವನ ತಂದೆಗೆ ವರ್ಗವಾಯಿತು. ಕಟ್ಟಿದ ಸಾಮಾನಿನ ಮಧ್ಯೆ ಗಿಟಾರಿಗೆ ಜಾಗ ಸಿಗದೆ, ಅವನು ಅದನ್ನು ನನಗೆ ಕೊಟ್ಟುಹೋದ. ಸಂಗೀತದ ಹುಚ್ಚಿನಿಂದ ತೆಗೆದುಕೊಂಡೆ ಎಂದರೆ ಸುಳ್ಳು. ನಮ್ಮ ಮನೆಯಲ್ಲಿ ಆಗ ಸದ್ದೇ ಇರಲಿಲ್ಲ. ಆ ಮೌನ ತಡೆಯಲಾರದೆ ತೆಗೆದುಕೊಂಡೆ.

ಅದಕ್ಕೆ ಕೆಲವು ತಿಂಗಳ ಹಿಂದೆ ನನ್ನ ಅತ್ತಿಗೆ, ಎಂದರೆ ನನ್ನ ಒಬ್ಬನೇ ಅಣ್ಣನ ಹೆಂಡತಿ, ಒಂದು ವಾರದ ಜ್ವರದಲ್ಲಿ ತೀರಿಕೊಂಡಿದ್ದರು. ಮದುವೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅತ್ತಿಗೆ ಹಾಡುತ್ತಿದ್ದರು. ಹಾಡುತ್ತಿದ್ದರು ಎಂದರೆ ಕಛೇರಿ ಮಾಡುವಷ್ಟಲ್ಲ. ರೇಡಿಯೋ ಜೊತೆಗೆ ಹಾಡುವರು, ರೇಡಿಯೋ ನಿಂತ ಮೇಲೂ ಹಾಡುವರು. ರಾಗಿ ಹಿಟ್ಟು ಜರಡಿ ಹಿಡಿಯುವಾಗ, ಹಸುವಿಗೆ ಹಿಂಡಿ ಕಲೆಸುವಾಗ, ಒಲೆ ಊದಿ ಊದಿ ಕೆಮ್ಮು ಬಂದಾಗ ಕೆಮ್ಮಿನ ನಡುವೆ ಕೂಡ ಒಂದು ಹಾಡು ಇರುತ್ತಿತ್ತು. ಅವರು ಹೋದ ಮೇಲೆ ಅಣ್ಣ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟುಬಿಟ್ಟ. ಯಾರೂ ಅದನ್ನು ಇಳಿಸಲಿಲ್ಲ. ಅಣ್ಣ ತೋಟಕ್ಕೆ ಹೋಗುವನು, ಬರುವನು, ಉಣ್ಣುವನು. ಕೇಳಿದ್ದಕ್ಕೆ ಹೂಂ ಅಥವಾ ಉಹೂಂ ಅನ್ನುವನು. ನನಗೆ ಅವನನ್ನು ನೋಡಿದರೆ ಅಳು ಬರುತ್ತಿತ್ತು, ಅವನ ಎದುರಿಗೆ ಅಳಲು ಭಯವಾಗುತ್ತಿತ್ತು.

ಇಂಥ ಮನೆಗೆ ಗಿಟಾರು ಬಂತು. ಮೊದಲು ಅದನ್ನು ಕೈಗೆ ತೆಗೆದುಕೊಂಡವರು ನನ್ನ ಅಪ್ಪ. ತಂತಿ ಮೀಟಲು ಕೊಟ್ಟಿದ್ದ ಸಣ್ಣ ಪ್ಲಾಸ್ಟಿಕ್ ಚೂರು ದಾರಿಯಲ್ಲೇ ಗಿಟಾರಿನ ಹೊಟ್ಟೆಯೊಳಗೆ ಬಿದ್ದುಹೋಗಿತ್ತು. ಅಪ್ಪ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿದರು, ಕಿವಿಯ ಹತ್ತಿರ ತಂದರು, ಅಲ್ಲಾಡಿಸಿದರು. ಒಳಗಿನಿಂದ ಗೊಟಗೊಟ ಎಂದು ಸದ್ದು ಬಂತು. ಅಪ್ಪನ ಮುಖ ಅರಳಿತು.

"ಚೆನ್ನಾಗಿ ಒಣಗೈತೆ ಕಣ್ಲಾ," ಎಂದರು.

ಅಪ್ಪನ ತಪ್ಪಲ್ಲ. ನಮ್ಮ ಕಡೆ ತೆಂಗಿನಕಾಯಿ ಕಿತ್ತ ಮೇಲೆ ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಕೆಳಗಿನ ಒಲೆಯ ಹೊಗೆ ಕುಡಿಯುತ್ತ ಅದು ಸುಮಾರು ಒಂದು ವರ್ಷ ಅಲ್ಲೇ ಕೂತಿರುತ್ತದೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳಾಡುವವರೆಗೆ ಇಳಿಸುವ ಹಾಗಿಲ್ಲ. ಇಳಿಸುವ ಕಾಲ ಬಂತೋ ಇಲ್ಲವೋ ಎಂದು ತಿಳಿಯಲು ಇರುವುದು ಒಂದೇ ದಾರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಹುಟ್ಟಿದಾಗಿನಿಂದ ಇದನ್ನೇ ಮಾಡಿದ ಕೈಗೆ ಟೊಳ್ಳಾದ ಯಾವ ವಸ್ತು ಸಿಕ್ಕಿದರೂ ಅದು ಕಿವಿಯ ಕಡೆಗೇ ಹೋಗುತ್ತದೆ. ಅಲ್ಲಿದ್ದ ಅಣ್ಣ ಕೂಡ ಒಂದು ಗಳಿಗೆ ನಕ್ಕಂತೆ ಕಂಡ. ಆಮೇಲೆ ಎದ್ದು ಹೋದ.

ನನಗೆ ಕಲಿಸಲು ಒಪ್ಪಿದವರು ತಿಪಟೂರಿನ ಡೇವ್ ಮಾಸ್ಟರು. ಮದುವೆ ಮನೆಗಳಿಗೆ ಆರ್ಕೆಸ್ಟ್ರಾ ಒಯ್ಯುತ್ತಿದ್ದರು. ಮನೆಯವರು ಇಟ್ಟ ಹೆಸರು ದೇವಯ್ಯ. ಗಿಟಾರು ಕೊರಳಿಗೆ ಬಿದ್ದ ಮೇಲೆ ಡೇವ್ ಆಗಿದ್ದರು. ಅವರ ಉಪದೇಶ ಒಂದೇ. "ಶುರುವಿಗೆ ಸುಲಭದ ಹಾಡು ಆರಿಸ್ಕೊಳ್ಳಪ್ಪ. ಮೂರು ಕಾರ್ಡ್ ದಾಟಿದ್ದನ್ನ ಮುಟ್ಟಬ್ಯಾಡ. ಎಫ್ ಇರೋ ಹಾಡಂತೂ ಆ ಕಡೆ ತಿರುಗಿಯೂ ನೋಡಬ್ಯಾಡ."

ಇದರಲ್ಲಿ ಸ್ವಲ್ಪ ಯೋಚಿಸುವ ವಿಷಯ ಇದೆ. ನಮ್ಮ ಶಾಸ್ತ್ರೀಯ ಸಂಗೀತದ ಹಿರಿಯರು ಹೊಸಬನನ್ನು ನಂಬಿ ಹಾಡು ಕೊಡುವುದೇ ಇಲ್ಲ. ಮೊದಲು ಸರಳೆ ವರಸೆ, ಆಮೇಲೆ ಜಂಟಿ ವರಸೆ, ಆಮೇಲೆ ಅಲಂಕಾರ. ಹಾಡು ಎಂಬುದರ ಮುಖ ಕಾಣುವ ಹೊತ್ತಿಗೆ ಶಿಷ್ಯನಿಗೆ ಮೀಸೆ ಬಂದಿರುತ್ತದೆ. ಗಿಟಾರಿನವರು ಉದಾರಿಗಳು. ಮೊದಲ ದಿನವೇ ಹಾಡು ಆರಿಸಿಕೋ ಎನ್ನುತ್ತಾರೆ. ಆದರೆ ಸಂತೆಗೆ ಹೋದವನಿಗೆ ಏನು ಬೇಕಾದರೂ ತೆಗೆದುಕೋ ಎಂದು ಹೇಳಿ ಅಂಗೈ ಅಗಲದ ಚೀಲ ಕೊಟ್ಟಂತೆ ಅದು. ಎಷ್ಟು ಒಳ್ಳೊಳ್ಳೆಯ ಹಾಡುಗಳನ್ನು ನಾನು ನನ್ನ ಒಂದು ಬೆರಳಿನ ಸೋಮಾರಿತನಕ್ಕಾಗಿ ಕೈಬಿಟ್ಟೆನೋ ಲೆಕ್ಕವಿಲ್ಲ. ಮನುಷ್ಯ ತನಗೆ ಇಷ್ಟವಾದ ಹಾಡನ್ನು ಹಾಡುತ್ತಾನೆ ಎಂದು ನಾವೆಲ್ಲ ತಿಳಿದಿದ್ದೇವೆ. ಹೊಸಬ ಮಾತ್ರ ತನ್ನ ಬೆರಳಿಗೆ ಇಷ್ಟವಾದ ಹಾಡನ್ನು ನುಡಿಸುತ್ತಾನೆ.

ನನಗೆ ಇನ್ನೊಂದು ಜರಡಿಯೂ ಇತ್ತು. ಬೆರಳಿನ ಜರಡಿಯಲ್ಲಿ ಇಳಿದ ಹಾಡನ್ನು ಮನೆಗೆ ತಂದರೆ, ಅದು ಅತ್ತಿಗೆ ಹಾಡುತ್ತಿದ್ದ ಹಾಡೇ ಆಗಿರುತ್ತಿತ್ತು. ಯಾಕೆಂದರೆ ಸುಲಭದ ಹಾಡನ್ನೇ ಅಲ್ಲವೇ ಎಲ್ಲರೂ ಗುನುಗುವುದು? ಮೂರು ಕಾರ್ಡಿನ ಹಾಡು ಎಂದರೆ ಒಲೆಯ ಮುಂದೆ ಹಾಡಬಹುದಾದ ಹಾಡು. ಅದನ್ನು ಅಣ್ಣನ ಕಿವಿಗೆ ಹಾಕುವುದು ಹೇಗೆ? ಬಸ್ಸಿನಲ್ಲಿ ಕೂತು ಒಂದೊಂದೇ ಹಾಡು ನೆನೆಸಿಕೊಳ್ಳುವೆ. ಇದು ಅವರು ಹಿಟ್ಟು ಜರಡಿ ಹಿಡಿಯುವಾಗ ಹಾಡಿದ್ದು, ಬೇಡ. ಇದು ಗೌರಿ ಹಬ್ಬದಲ್ಲಿ ಹೂ ಕಟ್ಟುತ್ತ ಹಾಡಿದ್ದು, ಬೇಡ. ಇದರಲ್ಲಿ ಎಫ್ ಇದೆ, ಬೇಡ. ಬಸ್ಸು ನಮ್ಮ ಊರಿನ ತಿರುವಿಗೆ ಬರುವ ಹೊತ್ತಿಗೆ ನನ್ನ ಬಳಿ ಒಂದು ಹಾಡೂ ಉಳಿಯುತ್ತಿರಲಿಲ್ಲ. ಅತ್ತಿಗೆ ಇಷ್ಟೊಂದು ಹಾಡಿದ್ದರು ಎಂದು ನನಗೆ ತಿಳಿದದ್ದು ಹೀಗೆ. ಇದ್ದಾಗ ಯಾರು ಲೆಕ್ಕ ಇಡುತ್ತಾರೆ?

ಕೊನೆಗೆ ರೈಲ್ವೆ ಗೆಳೆಯ ಹೇಳಿಕೊಟ್ಟಿದ್ದ ಒಂದು ಇಂಗ್ಲಿಷ್ ಹಾಡು ಸಿಕ್ಕಿತು. ಯಾವನೋ ಒಬ್ಬ ತನ್ನ ಹುಡುಗಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋಗುವ ಸಂಭ್ರಮದ ಹಾಡು. ಅತ್ತಿಗೆ ಇದನ್ನು ಕೇಳಿರುವ ಸಾಧ್ಯತೆ ಇರಲಿಲ್ಲ. ಧೈರ್ಯವಾಗಿ ಜಗಲಿಯ ಮೇಲೆ ಕೂತು ನುಡಿಸಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇದ್ಯಾಕೆ ಮಗ, ಅಳೋ ಹಾಡು ನುಡಿಸ್ತಾ ಇದ್ದೀಯ? ಮೊದಲೇ ಮನೆ ಹಿಂಗೈತೆ," ಎಂದರು.

ಅವ್ವ ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಬೆರಳು ಸಾಗಿಸಲು ಹೊಸಬನಿಗೆ ಹೊತ್ತು ಬೇಕು. ಅಲ್ಲಿಯವರೆಗೆ ಹಾಡು ನಿಂತು ಕಾಯಬೇಕು. ಹಾಗೆ ನಿಂತು ನಿಂತು ನಡೆಯುವ ಯಾವ ಹಾಡಾದರೂ ಹೆಣದ ಹಿಂದೆ ಹೊರಟಂತೆ ಕೇಳುತ್ತದೆ. ಆ ಕುದುರೆ ಜಾತ್ರೆ ತಲುಪಲಿಲ್ಲ.

ಅವ್ವನಿಗೆ ನನ್ನ ಬೆರಳ ತುದಿಗಳು ಬಿರಿದಿದ್ದು ಕಂಡಿತು. ನಮ್ಮ ಮನೆಯಲ್ಲಿ ತಲೆನೋವಿಗೆ, ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಮುನಿಸಿಕೊಂಡ ಮಕ್ಕಳಿಗೆ ಮದ್ದು ಒಂದೇ, ಕೊಬ್ಬರಿ ಎಣ್ಣೆ. ಮಾರನೆಯ ದಿನ ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅವ್ವ ಅದನ್ನು ಗಿಟಾರಿಗೆ ಹಚ್ಚಿದ್ದರು. ಮೈಗಷ್ಟೇ ಅಲ್ಲ, ಆರೂ ತಂತಿಗಳಿಗೆ, ತಲೆಗೆ ಹಚ್ಚುವಷ್ಟು ಅಕ್ಕರೆಯಿಂದ. "ಒಣಗಿ ಬಿರುಸಾಗೈತೆ ಕಣಪ್ಪ, ಅದಕ್ಕೇ ನಿನ್ ಕೈ ಕುಯ್ತದೆ," ಎಂದರು. ಆಮೇಲೆ ಬಹಳ ದಿನ ಆ ಗಿಟಾರು ಹಿಟ್ಟಿನ ಮುದ್ದೆಗೆ ಕೋಲು ಬಡಿದ ಹಾಗೆ ದಪ್ ದಪ್ ಎನ್ನುತ್ತಿತ್ತು. ಡೇವ್ ಮಾಸ್ಟರು ತಂತಿ ಮುಟ್ಟಿ, ಬೆರಳು ಮೂಸಿ ನೋಡಿ, ತಲೆ ಚಚ್ಚಿಕೊಂಡರು. ನನಗೆ ಅವ್ವನನ್ನು ಬೈಯಲು ಮನಸ್ಸು ಬರಲಿಲ್ಲ. ತಾವೇ ತಲೆಗೆ ಎಣ್ಣೆ ಹಚ್ಚುತ್ತಿದ್ದ ಸೊಸೆ ಹೋದ ಮೇಲೆ ಅವರು ಕೈಯಾರೆ ಎಣ್ಣೆ ಹಚ್ಚಿದ್ದು ಅದೊಂದಕ್ಕೇ.

ಈಗ ಅಟ್ಟದ ವಿಚಾರಕ್ಕೆ ಬರಬೇಕು. ಅತ್ತಿಗೆ ತೀರಿಕೊಳ್ಳುವ ಸ್ವಲ್ಪ ದಿನ ಮುಂಚೆ ನಮ್ಮ ಅಟ್ಟ ತುಂಬಿತ್ತು. ಅಣ್ಣ ಕೆಳಗಿನಿಂದ ಕಾಯಿ ಎಸೆಯುವನು, ಅತ್ತಿಗೆ ಮೇಲೆ ನಿಂತು ಹಿಡಿದು ಜೋಡಿಸುವರು. ಆ ಕಾಯಿಗಳು ಅಲ್ಲೇ ಇದ್ದವು. ವರ್ಷ ತಿರುಗಿತು. ತಿಪಟೂರಿನ ಕೊಬ್ಬರಿ ಮಂಡಿಯವರು ಬಂದು ಒಂದು ಕಾಯಿ ಎತ್ತಿ ಅಲ್ಲಾಡಿಸಿದರು, ಒಳಗೆ ಕೊಬ್ಬರಿ ಸ್ಪಷ್ಟವಾಗಿ ಸದ್ದು ಮಾಡಿತು. ಅಣ್ಣ ಅದೇ ಕಾಯಿಯನ್ನು ತೆಗೆದುಕೊಂಡು ಕಿವಿಗೆ ಹಿಡಿದು, "ಇನ್ನೂ ಒಣಗಿಲ್ಲ ಬುಡಿ," ಎಂದ. ಅವರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದರು. ಮುಂದಿನ ತಿಂಗಳು ಮತ್ತೆ ಬಂದಾಗಲೂ ಅದೇ ಮಾತು. ಕೊಬ್ಬರಿಯ ವಿಷಯದಲ್ಲಿ ನಮ್ಮ ಅಣ್ಣನ ಕಿವಿಗೆ ಊರಿನಲ್ಲೇ ಹೆಸರಿತ್ತು. ಅಂಥ ಕಿವಿ ಸುಳ್ಳು ಹೇಳುತ್ತಿದೆ ಎಂದು ಎಲ್ಲರಿಗೂ ಗೊತ್ತು, ಯಾಕೆ ಹೇಳುತ್ತಿದೆ ಎಂಬುದೂ ಗೊತ್ತು. ಆ ಕಾಯಿಗಳನ್ನು ಇಳಿಸಿದರೆ ಅತ್ತಿಗೆಯ ಕೈ ಜೋಡಿಸಿದ್ದು ಇನ್ನೇನೂ ಆ ಮನೆಯಲ್ಲಿ ಉಳಿಯುವುದಿಲ್ಲ.

ಆದರೆ ತೆಂಗಿನ ಮರಕ್ಕೆ ಇದೆಲ್ಲ ತಿಳಿಯುವುದಿಲ್ಲ. ಹೊಸ ಕಾಯಿ ಕಿತ್ತು ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಂದು ದಿನ ಅಪ್ಪ ಬಹಳ ಮೆತ್ತಗೆ ಹೇಳಿದರು.

"ಮಳೆ ಬಂದ್ರೆ ಇವು ಅಂಗಳದಲ್ಲೇ ಮೊಳಕೆ ಒಡೀತವೆ ಕಣಪ್ಪ. ಮೇಲೆ ಜಾಗ ಬೇಕು."

ಅಣ್ಣ ರಾಶಿಯಿಂದ ಉರುಳಿದ್ದ ಒಂದು ಕಾಯಿಯನ್ನು ಕಾಲಿನಿಂದ ಒಳಕ್ಕೆ ತಳ್ಳಿದ. ಆಮೇಲೆ, "ಇಳಿಸಾನ ಬುಡಿ," ಎಂದ.

ಆಳುಗಳನ್ನು ಅಟ್ಟ ಹತ್ತಲು ಅವನು ಬಿಡಲಿಲ್ಲ. ತಾನೇ ಹತ್ತಿದ. ಒಂದೊಂದೇ ಕಾಯಿ ಎತ್ತಿ, ಅಲ್ಲಾಡಿಸಿ, ನನ್ನ ಕೈಗೆ ಕೊಟ್ಟ. ಎಸೆಯಲಿಲ್ಲ. ಸಂಜೆಯ ಹೊತ್ತಿಗೆ ಅಟ್ಟ ಬರಿದಾಯಿತು. ಮಸಿ ಹಿಡಿದ ಬೊಂಬುಗಳ ಸಂದಿಯಿಂದ ಗಾಜಿನ ಹೆಂಚಿನ ಬೆಳಕು ಕೆಳಗೆ ಬೀಳುತ್ತಿತ್ತು. ಅಣ್ಣ ಮೈಮೇಲಿನ ಮಸಿಯನ್ನೂ ತೊಳೆಯದೆ ಜಗಲಿಗೆ ಬಂದು ಕೂತ. ನಾನು ಮೂಲೆಯಲ್ಲಿ ಗಿಟಾರನ್ನು ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

"ಲೇ ರುದ್ರೇಶ," ಎಂದ. "ಅವಳು ಹಾಡೋಳಲ್ಲ, ಅದು ಬತ್ತದಾ ನಿಂಗೆ?"

"ಯಾವುದಣ್ಣ?"

"ಅದೇ ಕಣ್ಲಾ. ಕಾಯಿ ಜೋಡಿಸ್ತಾ ಹಾಡೋಳಲ್ಲ, ಅದು."

ಯಾವುದೆಂದು ನನಗೆ ಗೊತ್ತಿತ್ತು. ಸಿನಿಮಾದ ಹಾಡು, ಹೆಸರು ಹೇಳುವುದಿಲ್ಲ, ಅದು ಮನೆಯ ವಿಷಯ. ನನ್ನ ಎರಡೂ ಜರಡಿಗಳು ಮೊದಲ ದಿನವೇ ಆಚೆಗೆ ಹಾಕಿದ್ದ ಹಾಡು. ಅತ್ತಿಗೆ ಅದನ್ನು ಹಾಡಿದಷ್ಟು ಬೇರೆ ಯಾವುದನ್ನೂ ಹಾಡಿರಲಿಲ್ಲ, ಚರಣ ಶುರುವಾದ ಕೂಡಲೇ ಅದರಲ್ಲಿ ಎಫ್ ಬರುತ್ತಿತ್ತು. ಆದರೂ ಹಿಡಿದೆ. ಪಲ್ಲವಿ ನುಡಿಸಿದೆ. ತಡವರಿಸಿದೆ, ಒಂದು ಕಡೆ ತಪ್ಪು ತಂತಿ ಮೀಟಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಒಳಗೆ ಅವ್ವನ ಪಾತ್ರೆಯ ಸದ್ದು ನಿಂತುಹೋಯಿತು. ಪಲ್ಲವಿ ಮುಗಿದು ಚರಣಕ್ಕೆ ಬಂದಾಗ ನನ್ನ ಬೆರಳು ಎಂದಿನಂತೆ ಕೈಕೊಟ್ಟಿತು. ತಂತಿ ಗರ್ ಎಂದಿತು. ನಿಲ್ಲಿಸಿದೆ.

"ಹೂಂ. ಈಗ ಮತ್ತೆ ಮೊದಲಿಂದ ಹಿಡಿ," ಎಂದ ಅಣ್ಣ, ಕಣ್ಣು ತೆರೆಯದೆ.

"ಇಲ್ಲಣ್ಣ, ಮುಂದಕ್ಕೆ ಇನ್ನೂ ಐತೆ. ನಂಗೆ ಬರ್ತಾ ಇಲ್ಲ."

"ಮುಂದಕ್ಕೆ ಎಲ್ಲೈತೆ? ಅವಳು ಅಷ್ಟೇ ಹಾಡೋಳು. ಅಷ್ಟು ಹಾಡಿ ಮತ್ತೆ ಮೊದಲಿಂದ ಶುರು ಮಾಡೋಳು. ದಿನಾ ಕೇಳಿದೋನು ನಾನು, ನಂಗೊತ್ತಿಲ್ವಾ? ಹಾಡೇ ಅಷ್ಟು."

ಆ ಹಾಡಿಗೆ ಎರಡು ಚರಣಗಳಿವೆ. ತಿಪಟೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳಲಿಲ್ಲ. ಮೊದಲಿನಿಂದ ಹಿಡಿದೆ, ಪಲ್ಲವಿ ಮುಗಿಸಿದೆ, ಮತ್ತೆ ಮೊದಲಿಗೆ ಬಂದೆ. ಎಷ್ಟು ಸಲ ನುಡಿಸಿದೆನೋ ನೆನಪಿಲ್ಲ. ಅಣ್ಣನ ಕೆನ್ನೆಯ ಮಸಿಯ ಮೇಲೆ ನೀರು ಗೆರೆ ಎಳೆಯುತ್ತ ಇಳಿಯಿತು. ವರ್ಷವೆಲ್ಲ ಅಳದವನು ಅಂದು ಅತ್ತ. ನನಗೂ ಭಯ ಹೋಯಿತು, ನಾನೂ ಅತ್ತೆ. ಅಳುತ್ತ ನುಡಿಸಿದರೆ ಕಾರ್ಡ್ ಬದಲಿಸುವುದು ತಡವಾದರೂ ಯಾರಿಗೂ ತಿಳಿಯುವುದಿಲ್ಲ.

ಕೆಲವು ವರ್ಷಗಳ ಮೇಲೆ ನಾವಿಬ್ಬರೂ ಕೊಬ್ಬರಿ ಮಂಡಿಗೆ ಹೋಗಿ ಬರುತ್ತ ತಿಪಟೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಗಲ್ಲಾದ ಮೇಲಿನ ಟೇಪ್ ರೆಕಾರ್ಡರಿನಲ್ಲಿ ಅದೇ ಹಾಡು ಬಂತು. ನಾನು ಅಣ್ಣನ ಮುಖ ನೋಡದೆ ಲೋಟ ನೋಡುತ್ತ ಕೂತೆ. ಪಲ್ಲವಿ ಮುಗಿಯಿತು. ವಾದ್ಯಗಳೆಲ್ಲ ಒಂದು ಸುತ್ತು ಬಾರಿಸಿ, ಚರಣ ಶುರುವಾಯಿತು. ಅಣ್ಣ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. ಆಮೇಲೆ ಕಾಫಿ ಮುಗಿಸಿ ಎದ್ದ.

"ಇದನ್ನ ಆಮೇಲೆ ಯಾರೋ ಸೇರ್ಸವ್ರೆ ಕಣ್ಲಾ," ಎಂದ.

ನಾನು ಹೂಂ ಅಂದೆ.