ಶಾಫ್ಟಿನ ಬಾಯಿಯವರೆಗೆ

ದಿಲ್ಲಿಯ ಮಯೂರ್ ವಿಹಾರ್‌ನ ನಮ್ಮ ಬಾಲ್ಕನಿಯಿಂದ ಗಾಜೀಪುರದ ಕಸದ ಗುಡ್ಡ ಕಾಣುತ್ತದೆ. ಬೇರೆಯವರು ಅದನ್ನು ನೋಡಿ ಮೂಗು ಮುಚ್ಚಿಕೊಂಡರೆ, ನನ್ನ ಯಜಮಾನರು ಚಹಾ ಹಿಡಿದು ಅದರ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. "ನಮ್ಮೂರಲ್ಲೂ ಮನುಷ್ಯರು ಮಾಡಿದ ಗುಡ್ಡ ಇದಾವೆ, ಆದರೆ ನಾತ ಇಲ್ಲ" ಎನ್ನುತ್ತಿದ್ದರು. ಅವರದು ಕೋಲಾರದ ಚಿನ್ನದ ಗಣಿ ಊರು. ಅವರಿಗಿನ್ನೂ ಮೀಸೆ ಮೂಡುವ ಮೊದಲೇ ಗಣಿಯೊಳಗೆ ಬಂಡೆ ಸಿಡಿದು ಅವರ ಅಪ್ಪ ತೀರಿಕೊಂಡಿದ್ದರು. ದೇಹ ಸಿಗಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ ಯಜಮಾನರು ನನ್ನನ್ನು ಹತ್ತಿರ ಕರೆದು, "ನನ್ನ ಬೂದೀಲಿ ಒಂದಿಷ್ಟು ಅಪ್ಪನ ಹತ್ರ ಹಾಕು. ಗಣಿ ಶಾಫ್ಟ್ ಮುಚ್ಚಿದ್ರೂ ಎಲ್ಲಾದ್ರೂ ಸಂದಿ ಇರತ್ತೆ" ಎಂದರು. ಹಾಕ್ತೀನಿ ಎಂದೆ. ಅವರು ಹೋದ ಮೇಲೆ ಗಢ್‌ಗಂಗಾಕ್ಕೆ ಹೋಗಿ ಗಂಗೆಯಲ್ಲಿ ಅಸ್ಥಿ ಬಿಟ್ಟೆವು. ಸಣ್ಣ ಸ್ಟೀಲ್ ಡಬ್ಬಿಯಷ್ಟು ಬೂದಿಯನ್ನು ಮಾತ್ರ ನಾನು ತೆಗೆದಿಟ್ಟೆ. ಮನೆಯೊಳಗೆ ಇಡಬಾರದೆಂದು ಬಾಲ್ಕನಿಯಲ್ಲಿ ಕೂಲರಿನ ಹಿಂದೆ ಬಟ್ಟೆ ಕಟ್ಟಿ ತೂಗುಹಾಕಿದೆ. ನೋಯ್ಡಾದಲ್ಲಿ ಕೆಲಸ ಮಾಡುವ ಮಗಳಿಗೆ ರಜೆ ಸಿಕ್ಕಾಗ ಇಬ್ಬರೂ ಹೊರಟೆವು.

ಊರಿನಲ್ಲಿ ಯಜಮಾನರ ಅಕ್ಕ ಇದ್ದಾರೆ. ಗಣಿ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು ಅವರದು. ಗಣಿ ನೋಡಬೇಕು ಎಂದಾಗ, "ನಡೀಬೇಕಾಗತ್ತೆ, ಆಟೋ ಬರಲ್ಲ" ಎಂದು ಬೆಳಿಗ್ಗೆಯೇ ತಾವೂ ಚಪ್ಪಲಿ ಮೆಟ್ಟಿದರು. ಡಬ್ಬಿಯ ವಿಷಯ ಅವರಿಗೆ ಹೇಳಿರಲಿಲ್ಲ. ಅವರ ತಮ್ಮನೇ ಬಯಸಿದ್ದು, ಬೇಡ ಎನ್ನಲಾರರು ಎಂದುಕೊಂಡಿದ್ದೆ.

ಸಾಲುಮನೆಗಳು ಮುಗಿದ ಮೇಲೆ ಜಾಲಿ ಪೊದೆಗಳ ನಡುವೆ ಕಾಲುದಾರಿ. ಹಂಚು ಬಿದ್ದುಹೋದ ಬಂಗಲೆಗಳನ್ನು ದಾಟಿದೆವು. ಎದುರಿಗೆ ಬೂದುಬಣ್ಣದ, ತಲೆ ಚಪ್ಪಟೆಯಾದ ಗುಡ್ಡಗಳು ಬಂದವು. ಮಳೆ ಕೊರೆದ ಗೀರುಗಳಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ.

"ಅತ್ತೆ, ಯೇ ಪಹಾಡ್ ಅಲ್ವಾ?" ಮಗಳು ಕೇಳಿದಳು.

"ಪಹಾಡೂ ಇಲ್ಲ, ಪಾಯಸಾನೂ ಇಲ್ಲ. ಕಲ್ಲು ಪುಡಿ ಮಾಡಿ ಚಿನ್ನ ತಕ್ಕೊಂಡ ಮೇಲೆ ಉಳಿದ ಮಣ್ಣು. ನಿಮ್ಮಪ್ಪ ಇದರ ಮೇಲಿಂದ ಜಾರಿ ಜಾರಿ ಚಡ್ಡಿ ಹರಕೊಂಡು, ಅಮ್ಮನ ಹತ್ರ ಹೊಡೆತ ತಿನ್ನೋನು."

"ಪಾಪಾ? ಝೂಟ್!"

"ದಿಲ್ಲೀಲಿ ಇಸ್ತ್ರಿ ಪ್ಯಾಂಟು ಹಾಕ್ಕೊಂಡ್ರೆ ಇಲ್ಲಿ ಹರಿದ ಚಡ್ಡಿ ಮರೆತುಹೋಗತ್ತಾ?"

ಮಗಳು ನಕ್ಕಳು. ಯಜಮಾನರು ತೀರಿಕೊಂಡ ಮೇಲೆ ಅವಳು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಗಾಳಿಗೆ ಎದ್ದ ಧೂಳು ನಾಲಿಗೆಗೆ ಒಗರೊಗರಾಗಿ ತಾಗುತ್ತಿತ್ತು. ಬಿಸಿಲು ಏರಿದಂತೆ ನನ್ನ ಮಂಡಿ ನೋಯತೊಡಗಿತು. ಅತ್ತಿಗೆ ನನಗಿಂತ ಹಿರಿಯರು, ಎಲ್ಲೂ ನಿಲ್ಲಲಿಲ್ಲ.

ದಿಬ್ಬ ಇಳಿದಾಗ ಶಾಫ್ಟ್ ಸಿಕ್ಕಿತು, ಗಣಿಗೆ ಇಳಿಯುವ ಬಾವಿ. ಮೇಲೆ ತುಕ್ಕು ಹಿಡಿದ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ನಿಂತುಹೋದ ಎರಡು ಚಕ್ರ. ಬಾಯಿಗೆ ಕಾಂಕ್ರೀಟ್ ಮುಚ್ಚಿ ಸುತ್ತ ತಂತಿ ಬೇಲಿ ಹಾಕಿದ್ದರು. ಬೇಲಿಯ ಪಕ್ಕದಲ್ಲೇ ಕಾಂಕ್ರೀಟಿನಿಂದ ಮೇಲೆದ್ದ ಒಂದು ಗಾಳಿಯ ಕೊಳವೆ ಇತ್ತು. ಕೈ ಚಾಚಿದರೆ ಎಟುಕುತ್ತಿತ್ತು. ಅದರೊಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು.

ನಾನು ಚೀಲದಿಂದ ಡಬ್ಬಿ ತೆಗೆದು ಬಟ್ಟೆ ಬಿಚ್ಚಿದೆ. ಯಜಮಾನರು ಕೇಳಿದ್ದನ್ನು ಅತ್ತಿಗೆಗೆ ಹೇಳಿದೆ.

"ಬೇಡ" ಎಂದರು ಅತ್ತಿಗೆ.

"ಮಾತು ಕೊಟ್ಟಿದೀನಿ ಅತ್ತಿಗೆ."

"ಅವನು ಕೇಳಬಾರದಿತ್ತು. ಕೇಳೋಕೆ ಅವನಿಗೇನು, ದಿಲ್ಲೀಲಿದ್ದ." ಅವರು ಕೊಳವೆಗೆ ಅಡ್ಡ ಬಂದರು. "ಇಲ್ಲಿ ಯಾರನ್ನೂ ಕೆಳಗೆ ಬಿಡೋ ಪದ್ಧತಿ ಇಲ್ಲ ಕಣೆ. ಕೆಳಗೆ ಬಂಡೆ ಸಿಡಿದು ನೆಲ ಅದುರಿದ್ರೆ ಸಾಕು, ಒಲೆ ಮೇಲಿನ ಅನ್ನ ಬಿಟ್ಟು ಹೆಂಗಸರೆಲ್ಲ ಇಲ್ಲಿಗೆ ಬರೋರು. ಕಡೇ ಗಂಡಸು ಮೇಲೆ ಬರೋತನಕ ಒಬ್ಬಳೂ ಮನೆಗೆ ಹೋಗ್ತಿರಲಿಲ್ಲ, ತನ್ನ ಗಂಡ ಬಂದಿದ್ರೂನೂ. ಅಮ್ಮ ಸಾಯೋತನಕ ಇಲ್ಲಿಗೆ ಬಂದು ನಿಂತಳು. ಅಪ್ಪ ಹೇಗಾದ್ರೂ ಮೇಲೆ ಬರಲಿ ಅಂತ. ಈಗ ನೀನು ಮಗನ್ನೂ ಕೆಳಗೆ ಹಾಕ್ತೀಯಾ?"

ಮಗಳು ನನ್ನ ತೋಳು ಹಿಡಿದಳು. "ಮಮ್ಮಿ, ಅರ್ಥ್‌ಕ್ವೇಕ್ ಆದಾಗ ಪಾಪಾ ಸೊಸೈಟಿ ಗೇಟ್ ಹತ್ರಾನೇ ಖಡೇ ರೆಹತೇ ಥೇ. ಎಲ್ಲಾ ಫ್ಲಾಟ್‌ನೋರೂ ಕೆಳಗೆ ಬರೋವರೆಗೂ. ನೀನು ಬೈತಿದ್ದೆ."

ಬೈಯುತ್ತಿದ್ದುದು ನಿಜ. ಚಳಿಯಲ್ಲಿ ಶಾಲಿಲ್ಲದೆ ನಿಂತಿರುತ್ತಿದ್ದರು, ನಾಲ್ಕನೇ ಮಹಡಿಯ ಅಜ್ಜಿ ಇಳಿಯಲಿಲ್ಲ ಎನ್ನುತ್ತ.

ನಾನು ಕೊಳವೆಯ ಹತ್ತಿರ ತುಂಬ ಹೊತ್ತು ನಿಂತೆ. ಯಜಮಾನರ ಮಾತು ಒಂದು ಕಡೆ, ಅಡ್ಡ ನಿಂತ ಈ ಹೆಂಗಸು ಇನ್ನೊಂದು ಕಡೆ. ಅವರು ಅಪ್ಪನನ್ನು ಸೇರಬೇಕೆಂದಿದ್ದರು. ಆದರೆ ಈ ಬಾಯಿಯ ಮುಂದೆ ಹಾಗೆ ಕೇಳುವ ಧೈರ್ಯ ಅವರಿಗೂ ಬರುತ್ತಿರಲಿಲ್ಲ ಎನಿಸಿತು. ಮುಚ್ಚಳ ತೆರೆಯದೆ ಡಬ್ಬಿಯನ್ನು ಅತ್ತಿಗೆಯ ಕೈಗೆ ಕೊಟ್ಟೆ.

ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ಮುಂದೆ ನಡೆದರು. ಮನೆ ಮುಂದೆ ಹೊಂಗೆ ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿದೆ. ಕೆಲಸ ಮುಗಿಸಿ ಬಂದ ಗಂಡಸರು ಒಳಗೆ ಕಾಲಿಡುವ ಮೊದಲು ಅಲ್ಲೇ ಮೈ ತೊಳೆಯುತ್ತಿದ್ದರಂತೆ. ಅತ್ತಿಗೆ ಒಲೆ ಹಚ್ಚಿ ನೀರು ಕಾಯಿಸಿ ತಂದರು. ಮಗಳು ಬೂದಿಯನ್ನು ಕಲ್ಲಿನ ಮೇಲೆ ಸುರಿದಳು. ಅತ್ತಿಗೆ ಬಿಸಿನೀರಿಗೆ ತಣ್ಣೀರು ಬೆರೆಸಿ, ಬೆರಳದ್ದಿ ಹದ ನೋಡಿ, ಮೆಲ್ಲಗೆ ಹೊಯ್ದರು. ನೀರು ಮರದ ಬುಡಕ್ಕೆ ಹರಿಯಿತು.

ಮಾತು ತಪ್ಪಿದ ಸಂಕಟ ನನಗೆ ಈಗಲೂ ಇದೆ. ಆದರೂ ಯಜಮಾನರು ಮನೆಗೆ ಬಂದರು.